ಅವ್ವ ಒಡೆಯುತ್ತಿದ್ದ ಕಾಯಿ

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದುರಿನವರ ಮುಖ ಸಣ್ಣದು ಮಾಡುವುದರಲ್ಲಿ ಕುಷ್ಟಗಿಯ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವ್ವ ಇದ್ದಾಗ, “ಈಕಿ ಬಾಯಿಗೆ ಯಾರರ ಎರಡು ಹೊಲಿಗಿ ಹಾಕ್ರೋ” ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ಅಪ್ಪ ಒಳಗಿನಿಂದಲೇ, “ಹೊಲಿಗಿ ಯಾಕ, ವೆಲ್ಡಿಂಗ್ ಹೊಡಿತೀನಿ ತಡಿ” ಎನ್ನುತ್ತಿದ್ದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

ಅಪ್ಪ ವೆಲ್ಡರ್. ಕುಷ್ಟಗಿಯ ಕ್ರಾಸಿನಲ್ಲಿ ಟ್ರಾಕ್ಟರಿನ ಟ್ರಾಲಿ, ಕುಂಟೆ, ನೇಗಿಲು ಕೂಡಿಸುತ್ತ ಶುರು ಮಾಡಿದವನು. ಆಮೇಲೆ ಗಂಗಾವತಿಯ ಅಕ್ಕಿ ಗಿರಣಿಗಳ ಬಾಯ್ಲರಿಗೆ ಹೋದ, ಅಲ್ಲಿಂದ ಕೊಪ್ಪಳದ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ. ಗ್ಯಾಸನ್ನು ಒತ್ತಿ ತುಂಬಿಡುವ ದಪ್ಪ ಉಕ್ಕಿನ ಟ್ಯಾಂಕುಗಳ ಕೆಲಸ ಬಂತೆಂದರೆ ಅವನಿಗೇ ಹೇಳಿಕಳಿಸುತ್ತಿದ್ದರು. ಅಂಥ ಟ್ಯಾಂಕಿನ ಮೇಲೆ ಅವನು ಹಾಕಿದ ಒಂದು ಬೆಸುಗೆಯೂ ತಪ್ಪೆಂದು ತಿರುಗಿ ಬಂದದ್ದಿಲ್ಲ. ಹೊಲವಿಲ್ಲ, ಓದಿಲ್ಲ, ಹೇಳಿಕೊಳ್ಳುವಂಥ ಬಳಗವೂ ಇಲ್ಲ. ಅಪ್ಪನಿಗೆ ಇದ್ದದ್ದು ಆ ಒಂದು ಹೆಸರು.

ನಾನು ಡಿಪ್ಲೊಮಾ ಓದಿ, ಬೆಸುಗೆಗಳನ್ನು ಪರೀಕ್ಷೆ ಮಾಡುವ ಏಜೆನ್ಸಿಯೊಂದರಲ್ಲಿ ಕೆಲಸ ಹಿಡಿದೆ. ನನ್ನ ಮಶೀನು ಉಕ್ಕಿನೊಳಗೆ ಶಬ್ದ ಕಳಿಸುತ್ತದೆ. ಆ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ. ಒಳಗೆ ಬಿರುಕಿದ್ದರೆ ಅದು ಅಲ್ಲಿಗೇ ಬಡಿದು ತಿರುಗಿ ಬರುತ್ತದೆ, ಪರದೆಯ ಮೇಲೆ ಒಂದು ಗೆರೆ ಚಟ್ಟನೆ ಎದ್ದು ನಿಲ್ಲುತ್ತದೆ. ಅಪ್ಪನ ಗೆಳೆಯರು ಚಹಾದಂಗಡಿಯಲ್ಲಿ ಕಾಡಿಸುತ್ತಿದ್ದರು: “ಅಪ್ಪ ಕೂಡಸ್ತಾನ, ಮಗಳು ತಪ್ಪು ಹುಡುಕ್ತಾಳ. ಛಲೋ ಐತಿ ನಿಮ್ಮ ಮನಿ ಧಂದೆ!” ಅಪ್ಪ ಮೀಸೆಯಲ್ಲೇ ನಗುತ್ತಿದ್ದ. “ಹುಡುಕ್ಲಿ ತಗೋ. ಸಿಗಬೇಕಲ್ಲ!”

ಅವ್ವ ಯಲಬುರ್ಗಾ ಕಡೆಯವಳು. ವೆಲ್ಡಿಂಗ್ ಎಂದರೆ ಅವಳ ಮಟ್ಟಿಗೆ ಗಂಡನ ಅಂಗಿಗೆಲ್ಲ ಬೀಳುವ ತೂತು, ಅಷ್ಟೇ. ಆದರೆ ಅಪ್ಪ ಹೊಸ ಕೆಲಸ ಹಿಡಿಯುವ ಹಿಂದಿನ ಸಂಜೆಯ ಪೂಜೆ ಮಾತ್ರ ಅವಳದು. ಹೊಸ್ತಿಲ ಹತ್ತಿರ ಒಂದು ಗೋಣಿಚೀಲ ಹಾಸಿ ಅಪ್ಪನ ಕೈಗವಸು, ಕರಿ ಗಾಜಿನ ಮುಖವಾಡ, ಸುತ್ತಿಗೆ, ತಂತಿ ಬ್ರಷ್ಷು, ರಾಡು ಹಿಡಿಯುವ ಹೋಲ್ಡರು ಎಲ್ಲ ಸಾಲಾಗಿ ಇಡುತ್ತಿದ್ದಳು. ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದು, ಕಾಯಿನೀರನ್ನು ಬೆರಳ ತುದಿಯಿಂದ ಒಂದೊಂದರ ಮೇಲೂ ಚಿಮುಕಿಸುತ್ತಿದ್ದಳು. ಅಪ್ಪ ಕೈಕಟ್ಟಿ ನಿಂತು ಗೊಣಗುತ್ತಿದ್ದ, “ಸಾಕ ಬಿಡ, ತುಕ್ಕ ಹಿಡಿತಾವು.”

“ನನ್ನ ನಾಕ ಹನಿಗೆ ತುಕ್ಕ ಹಿಡಿಯುವಂಥಾದಕ್ಕೂ ಕಬ್ಬಿಣ ಅಂತಾರೇನ್ರಿ? ಸುಮ್ಕ ನಿಂದರ್ರಿ” ಎನ್ನುತ್ತಿದ್ದಳು ಅವ್ವ. ಆಮೇಲೆ ನನಗೊಂದು ಕಾಯಿ ಹೋಳು, ಒಂದು ಚೂರು ಬೆಲ್ಲ ಸಿಗುತ್ತಿತ್ತು.

ಹೋದ ವರ್ಷ ಎದೆನೋವು ಎಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅಪ್ಪ ಅಳಲಿಲ್ಲ. ಮಾತಾಡಿಸಲು ಬಂದವರೆಲ್ಲ “ಗಟ್ಟಿ ಮನಶಾ ಅದಾನ” ಎಂದು ಹೊಗಳಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಗಟ್ಟಿಯಂತೆ ಗಟ್ಟಿ! ಹೆಂಡತಿ ಸತ್ತಿದ್ದಾಳೆ, ಅಳು ಮಾರಾಯ ಎಂದು ಬೈಯಬೇಕೆನಿಸಿತು. ಬೈಯಲಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರೇ.

ಅಳುವ ಬದಲು ಅಪ್ಪ ಅವ್ವನ ಕೆಲಸಗಳನ್ನು ಒಂದೊಂದಾಗಿ ಎತ್ತಿಕೊಂಡ. ತುಳಸಿಗೆ ನೀರು ಹಾಕಿದ, ಬೇರು ಕೊಳೆಯುವಷ್ಟು ಹಾಕಿದ. ರೊಟ್ಟಿ ಬಡಿಯಲು ಕುಳಿತ. “ಇದೇನಪ್ಪ, ರೊಟ್ಟಿನೋ ತಾಲೂಕಿನ ನಕ್ಷಾನೋ?” ಎಂದರೆ, “ತಿನ್ನು ಸುಮ್ಮನ, ಹೊಟ್ಟಿಗೆ ಆಕಾರ ಗೊತ್ತಾಗೂದಿಲ್ಲ” ಎಂದ. ಅವ್ವ ಮಾಡುತ್ತಿದ್ದ ಯಾವ ಕೆಲಸವೂ ಮನೆಯಲ್ಲಿ ನಿಂತುಹೋಗಬಾರದು ಎಂದು ಹಟ ಹಿಡಿದವನ ಹಾಗಿದ್ದ. ಹೇಗೆ ಮಾಡುತ್ತಿದ್ದಳು ಎಂಬುದನ್ನು ಮಾತ್ರ ಅವನು ಎಂದೂ ನೆಟ್ಟಗೆ ನೋಡಿರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಕೆಲಸ ಬಂತು, ಅವ್ವ ತೀರಿದ ನಂತರದ ಮೊದಲನೆಯದು. ವರ್ಷದ ದುರಸ್ತಿಗೆಂದು ಕಾರ್ಖಾನೆ ನಿಲ್ಲಿಸಿ, ಗ್ಯಾಸಿನ ದೊಡ್ಡ ಟ್ಯಾಂಕೊಂದನ್ನು ಖಾಲಿ ಮಾಡಿ ತೊಳೆದು ನೋಡಿದಾಗ, ಹಳೆಯ ಬೆಸುಗೆಯ ಪಕ್ಕದಲ್ಲೇ ಉದ್ದಕ್ಕೆ ಒಂದು ಬಿರುಕು ಸಿಕ್ಕಿತ್ತು. ಕೂದಲೆಳೆಯಷ್ಟು ಸಣ್ಣದು. ಆದರೆ ಒತ್ತಿ ತುಂಬಿದ ಗ್ಯಾಸಿಗೆ ಅಷ್ಟೇ ಸಾಕು, ಸುತ್ತಲಿನವರ ಜೀವ ಹೋಗಲು.

ಅಂಥ ಬಿರುಕಿಗೆ ಕಾರಣ ನೀರು. ನೀರೆಂದರೆ ಬಿಂದಿಗೆಗಟ್ಟಲೆ ಅಲ್ಲ, ಬರೀ ಪಸೆ. ಬೆಸೆಯುವ ಉರಿಗೆ ಆ ನೀರು ಒಡೆದು ಅದರೊಳಗಿನ ಹೈಡ್ರೋಜನ್ ಕರಗಿದ ಉಕ್ಕಿನಲ್ಲಿ ಸೇರಿಕೊಳ್ಳುತ್ತದೆ. ಉಕ್ಕು ಆರಿ ಗಟ್ಟಿಯಾದ ಮೇಲೆ ಅದಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಳಗೊಳಗೇ ಒತ್ತುತ್ತಾ ಕೂರುತ್ತದೆ. ಬೆಸೆದಾಗ ಚಿನ್ನದ ಹಾಗೆ ಕಾಣುವ ಬೆಸುಗೆ ಒಂದು ದಿನ, ಎರಡು ದಿನ ಬಿಟ್ಟು ಸೀಳುತ್ತದೆ. ಟ್ರಾಲಿಯ ತೆಳು ತಗಡಿಗೆ ಇದರ ಕಾಟವಿಲ್ಲ. ಕಾಟ ಇರುವುದು ಗಟ್ಟಿ ಉಕ್ಕಿನ ದಪ್ಪ ಹಲಗೆಗಳಿಗೆ.

ಅದಕ್ಕೇ ಇಂಥ ದುರಸ್ತಿಯಲ್ಲಿ ಮಡಿವಂತರಿಗಿಂತ ಹೆಚ್ಚು ಮಡಿ. ಬಿರುಕನ್ನು ಬೇರುಸಮೇತ ಉಜ್ಜಿ ತೆಗೆಯಬೇಕು. ಸುತ್ತಲಿನ ಉಕ್ಕನ್ನು ಮುಟ್ಟಲಾಗದಷ್ಟು ಕಾಯಿಸಿ, ಆ ಬಿಸಿ ಇಳಿಯದ ಹಾಗೆ ಕಾಪಾಡಿಕೊಂಡು ಬೆಸೆಯಬೇಕು. ಕರಗಿ ಬೆಸುಗೆಯಾಗುವ ರಾಡುಗಳ ಮೈಮೇಲಿನ ಲೇಪ ಪಸೆ ಹೀರುತ್ತದೆ, ಅದಕ್ಕೆ ಅವನ್ನು ದೊಡ್ಡ ಒಲೆಯಲ್ಲಿ ಒಣಗಿಸಿ, ಕರೆಂಟಿನಿಂದ ಬಿಸಿಯಾಗಿರುವ ಸಣ್ಣ ಡಬ್ಬಿಯಲ್ಲಿಟ್ಟು, ಒಂದೊಂದಾಗಿ ತೆಗೆಯಬೇಕು. ಡಬ್ಬಿಯ ಬಿಸಿ ಒಣಗಿದ ರಾಡನ್ನು ಕಾಯುತ್ತದೆ, ಒದ್ದೆಯಾದದ್ದನ್ನು ಒಣಗಿಸುವಷ್ಟು ಇರುವುದಿಲ್ಲ. ಬೆವರಿದ ಕೈಯಲ್ಲಿ ರಾಡು ಮುಟ್ಟಿದರೂ ಅಪ್ಪ ಬೈಯುತ್ತಿದ್ದ. ಮುಗಿದ ಮೇಲೆ ಕಂಬಳಿ ಹೊದಿಸಿ ನಿಧಾನ ಆರಿಸಬೇಕು. ಆಮೇಲೆ ಎರಡು ದಿನ ಕಾದು, ನನ್ನಂಥವರು ಬಂದು ನೋಡಬೇಕು.

ನನ್ನಂಥವರು ಎಂದೆ, ಆದರೆ ಬಂದದ್ದು ನಾನೇ. ಎಲ್ಲ ಕಾರ್ಖಾನೆಗಳಲ್ಲೂ ಅದೇ ಹೊತ್ತಿಗೆ ದುರಸ್ತಿ ನಡೆದು, ನಮ್ಮ ಏಜೆನ್ಸಿಯಲ್ಲಿ ಬೇರೆ ಯಾರೂ ಖಾಲಿ ಇರಲಿಲ್ಲ. ಬೆಸೆಯುವವನು ನನ್ನ ಅಪ್ಪ, ನಾನು ನೋಡುವುದು ಸರಿಯಲ್ಲ ಎಂದು ಕಾರ್ಖಾನೆಯ ಎಂಜಿನಿಯರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯ. “ಮಶೀನಿಗೆ ಅಪ್ಪ-ಮಗಳು ಗೊತ್ತಿಲ್ಲ ಬಿಡ್ರಿ ಮೇಡಂ. ಪರದೆ ಮೇಲಿಂದು ಎಲ್ಲಾ ಫೋಟೋ ತಗೊಂಡು ಕೊಡ್ರಿ, ನಾನೂ ನೋಡ್ತೀನಿ” ಎಂದರು. ಅಪ್ಪನಂತೂ ಎದೆಯುಬ್ಬಿಸಿ, “ನನ್ನ ಮಗಳ ನೋಡ್ಲಿ” ಎಂದ.

ಅಪ್ಪ ಬೆಸೆದು ಎರಡು ದಿನ ಕಳೆದ ಮೇಲೆ ಮೊದಲ ಸಲ ನೋಡಿದಾಗ ಬೆಸುಗೆಯ ಅಡಿಯಲ್ಲಿ ಗೆರೆ ಎದ್ದಿತು. ನಾನು ನಂಬಲಿಲ್ಲ. ಮಶೀನೇ ಕೆಟ್ಟಿದೆ ಎಂದುಕೊಂಡು ಅದನ್ನು ಮತ್ತೆ ಹೊಂದಿಸಿ ನೋಡಿದೆ. ಗೆರೆ ಅಲ್ಲೇ ಇತ್ತು. ಎಂಜಿನಿಯರು ಫೋಟೋ ನೋಡಿ, “ಕಾಕಾ, ಇನ್ನೊಂದು ಸಲ ಮಾಡ್ರಿ. ಆದ್ರ ಅದ ಕೊನೀದು. ಒಂದ ಜಾಗ ಮೂರನೇ ಸಲ ಬೆಸಿಯಾಕ ನಮ್ಮ ನಿಯಮದಾಗ ಇಲ್ಲ. ಅಲ್ಲಿ ಹಲಗಿನ ಕತ್ತರಿಸಿ ತಗೀಬೇಕಾಗ್ತೈತಿ, ಅದಕ್ಕ ಹೊರಗಿನವ್ರನ್ನ ಕರಸ್ತೀವಿ” ಎಂದರು. ಅಪ್ಪ ತಲೆಯಾಡಿಸಿದ.

ಅವತ್ತು ಕುಷ್ಟಗಿಗೆ ಬರುವ ಬಸ್ಸಿನಲ್ಲಿ ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಬೇರೆ ಯಾರದೋ ಕೈ ತನ್ನ ತೊಡೆಯ ಮೇಲಿದ್ದ ಹಾಗೆ.

“ನಡಗ್ತೈತೇನು ನೋಡು” ಎಂದ.

“ಏನೂ ನಡಗೂದಿಲ್ಲ. ಸುಳ್ಳ ತಲಿ ಕೆಡಿಸ್ಕೋಬ್ಯಾಡ.”

“ಹಂಗಾದ್ರ ಒಳಗ ಯಾಕ ಸೀಳ್ತು?”

ನನಗೆ ಗೊತ್ತಿರಲಿಲ್ಲ. ಅಲ್ಲಿ ಎಲ್ಲ ಸರಿ ಇತ್ತು: ಉಕ್ಕಿನ ಬಿಸಿ ಸರಿ, ಒಲೆ ಸರಿ, ರಾಡು ಹೊಸವು, ಡಬ್ಬಿಯ ಕರೆಂಟು ಸರಿ. ಯಾವುದೂ ತಪ್ಪಿಲ್ಲದಾಗ ಉಳಿಯುವುದು ಬೆಸೆದವನ ಕೈ ಒಂದೇ. ಅಪ್ಪನೂ ಅಲ್ಲಿಗೇ ಬಂದು ನಿಂತಿದ್ದ. ಎರಡನೇ ಸಲದ ಕೆಲಸಕ್ಕೆ ಹೊರಟ ಬೆಳಿಗ್ಗೆ ಅವನ ಚೀಲದಲ್ಲಿ ಎರಡು ತೆಂಗಿನಕಾಯಿ ಇದ್ದವು. ದಾರಿಯಲ್ಲಿ ಗುಡಿಗೆ ಕೊಡುತ್ತಾನೆ ಎಂದುಕೊಂಡೆ.

ಎರಡನೇ ಬೆಸುಗೆಯನ್ನು ನಾನು ನೋಡಿದ್ದು ಮತ್ತೆ ಎರಡು ದಿನ ಕಾದು, ಬಿಸಿಲೇರಿದ ಮೇಲೆ. ಮೇಲಿನಿಂದ ನೋಡಲು ಅದೆಷ್ಟು ಚಂದವಿತ್ತು! ಒಂದರ ಪಕ್ಕ ಒಂದು ಒತ್ತಿ ಕೂತ ಸಾಲುಗಳು, ಅವ್ವ ಕೌದಿಗೆ ಹಾಕುತ್ತಿದ್ದ ಹೊಲಿಗೆಯ ಹಾಗೆ. ಶಬ್ದ ಉಕ್ಕಿನೊಳಗೆ ಇಳಿಯಲೆಂದು ಗಂಜಿಯಂಥ ಅಂಟನ್ನು ಹಚ್ಚಿ, ಅದರ ಮೇಲೆ ಮಶೀನಿನ ಮೂತಿಯನ್ನು ಇಟ್ಟು ಮೆಲ್ಲಗೆ ಸರಿಸಿದೆ. ಅಪ್ಪ ನನ್ನ ಹಿಂದೆ, ಏಣಿಯ ಕೆಳಗೆ ನಿಂತಿದ್ದ. ಪರದೆ ಅವನಿಗೆ ಕಾಣುತ್ತಿರಲಿಲ್ಲ, ನನ್ನ ಬೆನ್ನು ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಗೆರೆ ಎದ್ದಿತು. ಒರೆಸಿದೆ, ಮತ್ತೆ ಹಚ್ಚಿದೆ, ಮತ್ತೆ ಸರಿಸಿದೆ. ಮತ್ತೆ ಒರೆಸಿದೆ.

“ಎಷ್ಟ ಸಲ ಒರಸ್ತಿ?” ಎಂದ ಅಪ್ಪ. “ಹೇಳ್ಬಿಡು ಯವ್ವ.”

“ಐತಿ ಅಪ್ಪ.”

“ಎಲ್ಲೆ?”

“ಅದ ಜಾಗದಾಗ. ಹೋದ ಸಲದಕ್ಕಿಂತ ಉದ್ದ ಐತಿ.”

ಅಪ್ಪ ಏಣಿಯಿಂದ ಕೈ ತೆಗೆದು, “ಬರದು ಕೊಡು. ಇದ್ದದ್ದ ಬರಿ” ಎಂದ. ನಾನು ಬರೆದೆ. ನನ್ನ ಕೆಲಸವೇ ಅದು. ಬರೆಯುವಾಗ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ, ಎರಡು ಸಲ ಹೊಡೆದುಹಾಕಿ ಬರೆಯಬೇಕಾಯಿತು.

ಅಪ್ಪ ಕೈಗವಸು ಕಳಚಿ ಏಣಿಯ ಮೇಲಿಟ್ಟು, ಚೀಲವನ್ನೂ ತೆಗೆದುಕೊಳ್ಳದೆ ಗೇಟಿನ ಕಡೆ ನಡೆದುಬಿಟ್ಟ. ಅವನ ಸಾಮಾನು ತುಂಬಿಕೊಳ್ಳಲು ನಾನೇ ಟ್ಯಾಂಕಿನ ಹಿಂದೆ ಹೋದೆ. ರಾಡಿನ ಡಬ್ಬಿ ಅವನ ಸ್ವಂತದ್ದು. ಒಯ್ಯಲೆಂದು ಎತ್ತಿದರೆ ಹೊರಗೆ ಕುಂಕುಮದ ಬೊಟ್ಟು ಇತ್ತು. ಮುಚ್ಚಳ ತೆಗೆದೆ. ಹುಳಿತ ಕಾಯಿನೀರಿನ ವಾಸನೆ ಮೂಗಿಗೆ ಹೊಡೆಯಿತು. ಉಳಿದ ರಾಡುಗಳ ಬೂದು ಲೇಪದ ಮೇಲೆ ಬಿಳಿ ಕಲೆಗಳು, ನಡುವೆ ಕೆಂಪು ಚುಕ್ಕಿ. ತಳದಲ್ಲಿ ತೆಂಗಿನ ನಾರಿನ ಒಂದು ಎಳೆ.

ಅಪ್ಪನ ಜೊತೆಗೆ ಉಜ್ಜುವ ಕೆಲಸ ಮಾಡುತ್ತಿದ್ದ ಕನಕಗಿರಿಯವನೊಬ್ಬ ಅಲ್ಲೇ ವೈರು ಸುತ್ತುತ್ತಿದ್ದ, ನನ್ನ ವಾರಿಗೆಯವನೇ. “ಅಪ್ಪ ಇಲ್ಲೆ ಪೂಜಿ ಮಾಡಿದ್ನೇನು?” ಎಂದು ಕೇಳಿದೆ.

“ಹೂಂ ಅಕ್ಕಾರ. ಎರಡೂ ಸಲ ಮಾಡಿದ್ರು. ಮೊದಲ್ನೇ ಸಲ ಒಂದ ಕಾಯಿ ಒಡದ್ರು. ಅದು ಸೀಳ್ತಲ್ಲ, ದೇವ್ರಿಗೆ ಕಮ್ಮಿ ಆತೇನೋ ಅಂತ ಈ ಸಲ ಎರಡು ಒಡದ್ರು. ಡಬ್ಬಿದು ಕರೆಂಟ್ ತಗದು, ಮುಚ್ಚಳ ತಗದು, ಎಲ್ಲಾದರ ಮ್ಯಾಲೂ ನೀರು ಚಿಮುಕ್ಸಿದ್ರು. ಆಮ್ಯಾಲೆ ಮತ್ತ ಕರೆಂಟ್ ಕೊಟ್ರು. ನಮಗೂ ಹೋಳು ಕೊಟ್ರಲ್ಲ, ಬೆಲ್ಲದ ಜೋಡಿ.”

ನಾನು ಅಲ್ಲೇ ಕುಳಿತುಬಿಟ್ಟೆ. ಅವ್ವ ಇದ್ದಾಗ ಪೂಜೆ ಮನೆಯ ಹೊಸ್ತಿಲಲ್ಲಿ ಆಗುತ್ತಿತ್ತು. ಅಲ್ಲಿ ಸುತ್ತಿಗೆ ಇರುತ್ತಿತ್ತು, ಬ್ರಷ್ಷು ಇರುತ್ತಿತ್ತು. ಡಬ್ಬಿಯನ್ನು ಆ ಗೋಣಿಚೀಲದ ಮೇಲೆ ಎಂದೂ ಇಡುತ್ತಿರಲಿಲ್ಲ, ರಾಡುಗಳಂತೂ ಕಾರ್ಖಾನೆಯ ಒಲೆಯಲ್ಲಿರುತ್ತಿದ್ದವು. ಇಷ್ಟು ವರ್ಷ ಅವಳ ಒಂದು ಹನಿಯೂ ರಾಡಿಗೆ ತಾಗಿರಲಿಲ್ಲ. ಈಗ ಮನೆಯಲ್ಲಿ ಮಾಡುವವರಿಲ್ಲ ಎಂದು ಅಪ್ಪ ಆ ಪೂಜೆಯನ್ನು ಚೀಲದಲ್ಲಿಟ್ಟುಕೊಂಡು ಕೆಲಸದ ಜಾಗಕ್ಕೇ ತಂದಿದ್ದ. ಬೆವರಿದ ಕೈಯಲ್ಲಿ ರಾಡು ಮುಟ್ಟಬೇಡ ಎನ್ನುವ ಮನುಷ್ಯ! ಅವನಿಗೆ ಅದು ನೀರೆಂದು ಅನ್ನಿಸಿರಲಿಲ್ಲ. ಅದು ಅವ್ವನದಾಗಿತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ? ಸತ್ತವಳ ಮೇಲೆ. ಅವ್ವಾ, ಹೋಗುವ ಮುಂಚೆ ಈ ಮನುಷ್ಯನಿಗೆ ರೊಟ್ಟಿ, ತುಳಸಿ, ಕಾಯಿ, ಇಷ್ಟಾದರೂ ಕಲಿಸಿ ಹೋಗಬಾರದಿತ್ತೇನೇ ಎಂದು ಜೋರಾಗಿ ಅತ್ತೆ. ಕನಕಗಿರಿಯವನು ವೈರು ಬಿಟ್ಟು ನೀರು ತರಲು ಓಡಿದ. “ನೀರು ಬ್ಯಾಡೋ ಮಾರಾಯ” ಎಂದೆ.

ಮನೆಗೆ ಹೋಗುವಾಗ ಆ ಅಳುವಿನ ನಡುವೆಯೂ ಒಂದು ಸಮಾಧಾನವಿತ್ತು. ಅಪ್ಪನ ಕೈಗೆ ಏನೂ ಆಗಿಲ್ಲ! ಓಡಿ ಹೋಗಿ ಅದನ್ನು ಹೇಳಬೇಕು. ನಾಳೆ ಎಂಜಿನಿಯರಿಗೆ ಡಬ್ಬಿ ತೋರಿಸಬೇಕು. ನಗುತ್ತಾರೆ, ನಗಲಿ. ಹೆಂಡತಿ ಸತ್ತ ದುಃಖದಲ್ಲಿ ಮಾಡಿದ ಪೂಜೆ, ಕೈಯದೇನೂ ತಪ್ಪಿಲ್ಲ ಎಂದರೆ ಯಾರ ಕರುಳಾದರೂ ಚುರ್ ಎನ್ನುತ್ತದೆ, ಬೇರೆ ಕಡೆ ಕೆಲಸ ಕೊಡುತ್ತಾರೆ, ಹೆಸರು ಉಳಿಯುತ್ತದೆ. ಬಸ್ಸಿನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದೆ.

ಅಪ್ಪ ಹೊಸ್ತಿಲ ಹತ್ತಿರವೇ ಕುಳಿತಿದ್ದ. ಡಬ್ಬಿಯನ್ನು ಅವನ ಮುಂದಿಟ್ಟು, ಮುಚ್ಚಳ ತೆಗೆದು, ಎಲ್ಲ ಹೇಳಿದೆ. ಕೈ ತಪ್ಪಿಲ್ಲ ಅಪ್ಪ, ನೀರು, ನಿನ್ನ ಕಾಯಿನೀರು ಎಂದೆ. ಅವನು ಒಂದು ರಾಡು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅದರ ಮೇಲಿನ ಬಿಳಿ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಇಷ್ಟು ವರ್ಷ ರಾಡು ಹಿಡಿದವನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹಂಗಾದ್ರ ನಿಮ್ಮವ್ವನ ಪೂಜಿಯಿಂದ ಸೀಳ್ತು ಅಂತಿ” ಎಂದ.

“ಅವ್ವನ ಪೂಜಿ ಅಲ್ಲಪ್ಪ, ನೀ ಮಾಡಿದ್ದು. ಅವ್ವ ಮಾಡಿದಾಗ ಎಂದೂ ಏನೂ ಆಗಿರ್ಲಿಲ್ಲ.”

“ಜನಕ್ಕ ಅದೆಲ್ಲಾ ಯಾರು ಬಿಡಿಸಿ ಹೇಳ್ತಾರ? ಅವನ ಹೆಂಡ್ತಿ ಕಾಯಿ ಒಡಿತಿದ್ಲು, ಅದರಿಂದ ಟ್ಯಾಂಕ ಸೀಳ್ತು ಅಂತಾರ. ಚಾದಂಗಡ್ಯಾಗ ಕುಂತು ನಗ್ತಾರ.” ಅವನು ಡಬ್ಬಿಯ ಮುಚ್ಚಳ ಹಾಕಿದ. “ಬ್ಯಾಡ ಯವ್ವ. ನನ್ನ ಕೈ ಹೋತು ಅನ್ಲಿ. ಅಕಿ ಹೆಸರು ಇದರಾಗ ಬರೂದು ಬ್ಯಾಡ.”

“ಅಪ್ಪ, ಹುಚ್ಚ ಹಿಡದೈತೇನು ನಿನಗ? ನಿನ್ನ ಹೆಸರು ಹೋಗ್ತೈತಿ!”

“ಹೋಗ್ಲಿ.”

ಆಮೇಲೆ ಅಪ್ಪ ಅತ್ತ. ಅವ್ವ ಹೋದ ಮೇಲೆ ಮೊದಲ ಸಲ, ಆ ರಾಡನ್ನು ಕೈಯಲ್ಲಿ ಹಿಡಿದುಕೊಂಡೇ, ಓಣಿಯವರು ಕೇಳುವ ಹಾಗೆ ಅತ್ತ. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟು ಕುಳಿತೆ.

ಮರುದಿನ ಗೇಟಿನ ಪಾಸು ವಾಪಸು ಕೊಡಲು ಇಬ್ಬರೂ ಹೋದೆವು. ರಾಡುಗಳಿಗೆ ನೀರಿನ ಪಸೆ ಹತ್ತಿತ್ತು, ಸೀಳಿದ್ದು ಅದಕ್ಕೇ, ಇನ್ನು ಬೆಸೆಯುವವರಿಗೆ ಆ ಎಚ್ಚರ ಇರಲಿ ಎಂದು ಎಂಜಿನಿಯರಿಗೆ ಹೇಳಿದೆ. ಅಷ್ಟನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ. ಮುಂದೆ ಆ ಟ್ಯಾಂಕಿನ ಪಕ್ಕ ನಿಂತು ಕೆಲಸ ಮಾಡುವವರ ಜೀವದ ಮಾತು ಅದು, ಅಪ್ಪನೂ ಅದಕ್ಕೆ ಬೇಡ ಎಂದಿರಲಿಲ್ಲ. ಎಂಜಿನಿಯರು ಅಪ್ಪನ ಕಡೆ ತಿರುಗಿದರು.

“ನೀರು ಹೆಂಗ ಹತ್ತಿತು ಕಾಕಾ? ಡಬ್ಬಿ ಮುಚ್ಚೂದು ಮರ್ತಿದ್ರೇನು?”

ವೆಲ್ಡರಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನನ್ನ ನಾಲಗೆ ತುದಿಯವರೆಗೆ ಎಲ್ಲ ಬಂದಿತ್ತು. ಅಪ್ಪ ನನ್ನ ಮುಖವನ್ನು ಒಂದು ಸಲ ನೋಡಿದ.

“ಹೂಂನ್ರಿ ಸಾಹೇಬ್ರ, ಮರ್ತೆ” ಎಂದ. “ವಯಸ್ಸಾತ್ರಿ.”

ಎಂಜಿನಿಯರು ಲೊಚಗುಟ್ಟಿದರು. ಹೊರಗಿನವರು ಬಂದು ಹಲಗೆ ಕತ್ತರಿಸಿ ಹೊಸದು ಕೂಡಿಸಿದರು. ನಾನು ಅದನ್ನು ನೋಡಲು ಹೋಗಲಿಲ್ಲ, ಬೇರೆಯವರನ್ನು ಕಳಿಸಿ ಎಂದು ಏಜೆನ್ಸಿಗೆ ಹೇಳಿದೆ. ಇದನ್ನು ಬರೆಯುವಾಗ ಯಾರ ಹೆಸರನ್ನೂ ಹಾಕದಿರುವುದು, ಅವ್ವನ ಹೆಸರು ಬರಗೊಡುವುದಿಲ್ಲ ಎಂದು ಆ ರಾತ್ರಿ ಅಪ್ಪನಿಗೆ ಕೊಟ್ಟ ಮಾತಿಗಾಗಿ.

ಈಗ ಅಪ್ಪ ಮನೆಯಲ್ಲಿರುತ್ತಾನೆ. ಯಾರಾದರೂ ಕುಂಟೆಯನ್ನೋ ಗೇಟಿನ ಬಿಜಾಗರವನ್ನೋ ಹಿಡಿದುಕೊಂಡು ಬಂದರೆ, “ಇಲ್ಲೋ ಯಪ್ಪಾ, ನನ್ನ ಕೈ ಹೋಗೇತಿ” ಎಂದು ಕಳಿಸಿಬಿಡುತ್ತಾನೆ. ಚಹಾದಂಗಡಿಯಲ್ಲಿ, “ಮುದುಕ ಡಬ್ಬಿ ಮುಚ್ಚೂದ ಮರ್ತು ಗ್ಯಾಸಿನ ಟ್ಯಾಂಕ ಕೆಡಿಸಿದ” ಎಂದು ಇವತ್ತಿಗೂ ಹೇಳುತ್ತಾರೆ. ನನ್ನ ಕಿವಿಗೆ ಬೀಳುತ್ತದೆ. ಹಲ್ಲು ಕಚ್ಚಿಕೊಂಡು ದಾಟಿ ಬರುತ್ತೇನೆ. ದಿನಾ ಸಂಜೆ ಅಪ್ಪ ಅವ್ವನ ಫೋಟೋದ ಮುಂದಿನ ಸಣ್ಣ ಹಣತೆಗೆ ಎಣ್ಣೆ ಹಾಕುತ್ತಾನೆ, ಚಮಚವಿಲ್ಲದೆ, ದೊಡ್ಡ ಬಾಟಲಿಯಿಂದಲೇ. ಪಕ್ಕದಲ್ಲಿ ನಿಂತು ನೋಡಿದ್ದೇನೆ. ಒಂದು ಹನಿ ಹೊರಗೆ ಬೀಳುವುದಿಲ್ಲ.